ಒಂದೇ ದಿನ ಹುಟ್ಟಿದವರು

೧೧ ಮೇ ೨೦೦೯, ಸೋಮವಾರ

ನಲವತ್ತನಾಲ್ಕು ಡಿಗ್ರಿ ಬಿಸಿಲಿನಲ್ಲಿ ಶಹಾಬಾದಕ್ಕೆ ಬಂದು ಮೋಡ ಮಾರುವ ಧೈರ್ಯ ಈ ಕಂಪನಿಗೆ ಬಿಟ್ಟರೆ ಇನ್ನಾರಿಗೂ ಇರಲಾರದು. ನೀಲಾಭ್ರ ಸಾಫ್ಟ್‌ವೇರ್ ಎಂದು ಹೆಸರು, ಬೆಂಗಳೂರಿನದು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಈ ಐದೂ ಊರುಗಳ ನಮ್ಮ ಸಂಸ್ಥೆಯ ಶಾಲೆಗಳು ಇಷ್ಟು ದಿನ ಒಂದೊಂದು ಕಂಪ್ಯೂಟರ್ ಇಟ್ಟುಕೊಂಡಿದ್ದವು. ಇನ್ನು ಮೇಲೆ ಐದೂ ಸೇರಿ ಇಲ್ಲಿನ ಕಚೇರಿಯ ಒಂದೇ ಪೆಟ್ಟಿಗೆಯೊಳಗೆ ಇರುತ್ತವಂತೆ. ಮುಂದೊಂದು ದಿನ ಆ ಪೆಟ್ಟಿಗೆಯೂ ಬೇಡವಂತೆ, ಎಲ್ಲವೂ 'ಕ್ಲೌಡ್'ಗೆ ಹೋಗುತ್ತದಂತೆ.

ಕಂಪನಿಯಿಂದ ಬಂದ ಎಂಜಿನಿಯರ್ ಹುಡುಗಿ ಪ್ರಮಿತಾ ವಿವರಿಸಿದಳು. "ಯಂತ್ರ ಒಂದೇ ಸರ್. ಆದರೆ ಒಳಗೆ ಐದು ಯಂತ್ರಗಳಿದ್ದ ಹಾಗೆ ನಡ್ಕೊಳ್ಳುತ್ತೆ. ಪ್ರತಿಯೊಂದೂ ತಾನೊಬ್ಬನೇ ಇದೀನಿ ಅಂದ್ಕೊಂಡಿರುತ್ತೆ." ಈ ತತ್ವ ನನಗೆ ಹೊಸದಲ್ಲ. ನಮ್ಮ ಆಡಳಿತ ಮಂಡಳಿಯ ಸದಸ್ಯರು ಐವತ್ತು ವರ್ಷದಿಂದ ಹಾಗೆಯೇ ನಡೆದುಕೊಂಡು ಬಂದಿದ್ದಾರೆ.

ಕಾರ್ಯದರ್ಶಿ ಸಿದ್ದಲಿಂಗೇಶ ನನ್ನ ಕೈಯಲ್ಲೇ ಅಕ್ಷರ ಕಲಿತವನು. "ನಮ್ಮ ಪ್ರಹ್ಲಾದ ಸರ ಎಲ್ಲಾರಕಿಂತ ಹಿರಿಯರು. ಅವರೇ ಬಟನ್ ಒತ್ತಿ ಚಾಲೂ ಮಾಡ್ಬೇಕು," ಎಂದು ವೇದಿಕೆಗೆ ಕರೆದ. ನಾನು ಎದ್ದು ನಿಂತು, ಹಳೆಯ ದಾಖಲಾತಿ ರಜಿಸ್ಟರುಗಳು ಎಲ್ಲಿ ಎಂದು ಕೇಳಿದೆ.

"ಎಲ್ಲಾ ಇದರಾಗೇ ತುಂಬೀವ್ರಿ ಸರ. ಗೆದ್ದಲ ಹಿಡದಿದ್ವು. ಹ್ವಾದ ತಿಂಗಳ ರದ್ದಿಗಿ ಹಾಕಿದ್ವಿ."

"ಹಂಗಾರ ನಾ ಒತ್ತಂಗಿಲ್ಲ," ಎಂದು ಕುಳಿತೆ. ಯಾರೋ ಒತ್ತಿದರು. ಚಪ್ಪಾಳೆಯಾಯಿತು.

ಐವತ್ತಾರರಲ್ಲಿ ರಾಜ್ಯ ಕೂಡಿದಾಗ ಹೈದರಾಬಾದಿನಿಂದ ಬರಬೇಕಿದ್ದ ನಮ್ಮ ಶಾಲೆಯ ಎರಡು ಪೆಟ್ಟಿಗೆ ಕಾಗದ ಇವತ್ತಿಗೂ ಬಂದಿಲ್ಲ. ಬೇರೆಯವರು ಮರೆತರು. ನಾನು ಮರೆತಿಲ್ಲ. ಮೂವತ್ತೊಂದು ವರ್ಷದಲ್ಲಿ ನನ್ನ ಕೈ ದಾಟಿ ಹೋದ ಒಂದೊಂದು ಮಗುವನ್ನೂ ಹೆಸರು, ತಂದೆಯ ಹೆಸರು, ಕೂತ ಜಾಗದ ಸಮೇತ ಹೇಳಬಲ್ಲೆ. ಅದಕ್ಕೆ ಕರೆಂಟು ಬೇಕಿಲ್ಲ.

೧೪ ಮೇ

ರಜಿಸ್ಟರುಗಳ ಬಗ್ಗೆ ಪತ್ರಿಕೆಗೆ ಬರೆದೆ. ಅಂಟು ಹಚ್ಚುವಾಗ ಸೀತಾಬಾಯಿ ಬಂದು ನಿಂತಳು.

"ಇದು ಎಷ್ಟನೇ ಪತ್ರರಿ?"

"ನೂರಾ ಹನ್ನೆರಡು."

"ಅಚ್ಚಾಗಿದ್ದು?"

"ಒಂಬತ್ತು."

"ಒಂಬತ್ತರಿಂದ ಊರು ಏನಾರ ಸುಧಾರಿಸ್ಯಾದೇನು?"

ಹೆಂಡತಿಯಾದವಳು ಕೇಳಬಾರದ ಪ್ರಶ್ನೆ. ಬಿಸಿಲಿಳಿದ ಮೇಲೆ ಹೋಗಿ ಅಂಚೆಗೆ ಹಾಕಿ ಬಂದೆ.

೨ ಜೂನ್, ಮಂಗಳವಾರ

ಬೆಳಿಗ್ಗೆ ಒಬ್ಬ ಹೆಣ್ಣುಮಗಳು ಬಂದಳು. ಮೂವತ್ತು ದಾಟಿದ ವಯಸ್ಸು, ಹುಬ್ಬಿನಲ್ಲೆಲ್ಲ ಬಿಳಿ ಧೂಳು. ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಕೆಲಸವಂತೆ. ಕುಂದ್ರು ಎಂದರೂ ಬಾಗಿಲ ಬಳಿಯೇ ನಿಂತು ಮಾತಾಡಿದಳು.

"ಸರ, ನಾ ಸತ್ತೀನಂತ್ರಿ."

"ಯಾವಾಗ?"

"ಎಂಬತ್ತಮೂರರಾಗ. ಜ್ವರ ಬಂದು."

ಹೆಸರು ರಶೀದಾಬೇಗಂ, ತಂದೆ ಸಿರಾಜುದ್ದೀನ. ಅವಳ ಓಣಿಯ ಅಂಗನವಾಡಿಗೆ ಸಹಾಯಕಿ ಬೇಕಾಗಿದ್ದಾಳೆ. ಏಳನೇ ಇಯತ್ತೆಯವರೆಗೆ ಓದಿದ ದಾಖಲೆ ಕೊಡಬೇಕು, ಜುಲೈ ಹತ್ತು ಕಡೆಯ ದಿನ. ನಮ್ಮ ಶಾಲೆಯಲ್ಲೇ ಏಳು ವರ್ಷ ಓದಿದವಳು. ದಾಖಲೆ ಕೇಳಲು ಹೋದರೆ ಕಂಪ್ಯೂಟರಿನಲ್ಲಿ ಆ ಹೆಸರಿನವಳು ಒಬ್ಬಳೇ, ಅವಳೂ ಎರಡನೇ ಇಯತ್ತೆಯಲ್ಲಿ ತೀರಿಕೊಂಡಿದ್ದಾಳೆ ಎಂದು ಕಳಿಸಿದ್ದಾರೆ.

"ಡಾಕ್ಟರ್ ಧೂಳು ಎದಿಗಿ ಕುಂತದ, ಈ ಕೆಲಸ ಬಿಡು ಅಂದಾರ್ರಿ. ಬಿಟ್ಟು ಎಲ್ಲಿ ಹೋಗ್ಲಿ? ಇದೊಂದು ಸಿಕ್ರ ನಮ್ಮ ಮನಿ ಎದುರಿಗೇ ಅದ."

ನಾನು ನಕ್ಕೆ. ಕಂಪ್ಯೂಟರು ಮರೆತರೆ ನಾನಿದ್ದೇನೆ. "ನೀನು ಗೊತ್ತಿಲ್ಲೇನ ನಂಗ? ಪದ್ಯ ಹಾಡತಿದ್ದಿ. ನಡುವ ರೈಲು ಬಂದ್ರ ಅದು ದಾಟೋತನ ಕಣ್ಣು ಮುಚ್ಚಿ ನಿಂದರತಿದ್ದಿ. ಆಮ್ಯಾಲ ಬಿಟ್ಟ ಸಾಲಿನಿಂದಲೇ ಎತ್ತಕೋತಿದ್ದಿ. ಮುಂದಿನ ಬೆಂಚು." ಅವಳು ಏನೂ ಹೇಳದೆ ಸೆರಗು ಸರಿ ಮಾಡಿಕೊಂಡಳು. ಗುರು ನೆನಪಿಟ್ಟುಕೊಂಡದ್ದಕ್ಕೆ ಮಾತು ಕಟ್ಟಿರಬೇಕು.

ನಾಳೆ ನಾನೇ ಹೋಗಿ ಆ ಪೆಟ್ಟಿಗೆಗೆ ಪಾಠ ಹೇಳುತ್ತೇನೆ.

೩ ಜೂನ್

ಕಚೇರಿಗೆ ಹೋದಾಗ ಸಿದ್ದಲಿಂಗೇಶ ಇರಲಿಲ್ಲ. ಪ್ರಮಿತಾ ಇದ್ದಳು, ಜವಾನ ಖಂಡೆಪ್ಪ ಇದ್ದ. ವಿಷಯ ಹೇಳಿ, ಕೂಗಾಡಿದೆ. ಆ ಹುಡುಗಿ ತಿರುಗಿ ಕೂಗಾಡಲಿಲ್ಲ.

"ಐದು ಶಾಲೆಯ ಪಟ್ಟಿಗಳನ್ನ ಸೇರಿಸುವಾಗ ಒಬ್ಬರೇ ಎರಡೆರಡು ಕಡೆ ಇರಬಾರದು ಅಂತ ಒಂದು ನಿಯಮ ಹಾಕಿದ್ವಿ ಸರ್. ಹೆಸರು, ತಂದೆ ಹೆಸರು, ಹುಟ್ಟಿದ ದಿನ ಮೂರೂ ಒಂದೇ ಇದ್ದರೆ ಒಬ್ಬರೇ ಅಂತ ಲೆಕ್ಕ. ಒಂದನ್ನ ಉಳಿಸಿ ಇನ್ನೊಂದನ್ನ ತೆಗೆಯುತ್ತೆ. ವಾಡಿ ಶಾಲೆಯಲ್ಲೂ ಒಬ್ಬಳು ರಶೀದಾಬೇಗಂ, ತಂದೆ ಸಿರಾಜುದ್ದೀನ, ೧-೬-೧೯೭೫. ಶಹಾಬಾದದಲ್ಲೂ ಅದೇ."

"ಒಂದೇ ದಿನ ಎರಡು ಮಕ್ಕಳು ಹುಟ್ಟಬಾರದೇನು?"

"ಹುಟ್ಟಬಹುದು ಸರ್. ಆದರೆ ಇಲ್ಲಿ ನೋಡಿ. ಐದು ಶಾಲೆಗಳಲ್ಲಿ ಒಂಬತ್ತು ಸಾವಿರ ಹೆಸರು. ಅದರಲ್ಲಿ ಆರು ಸಾವಿರ ಜನ ಜೂನ್ ಒಂದಕ್ಕೇ ಹುಟ್ಟಿದ್ದಾರೆ. ನಿಮ್ಮ ಕಡೆ ಆವತ್ತು ಏನಾದ್ರೂ ವಿಶೇಷ ಇದೆಯಾ?"

ಖಂಡೆಪ್ಪ ನೀರಿನ ಲೋಟ ಹಿಡಿದುಕೊಂಡೇ ನಗತೊಡಗಿದ. "ಮೇಡಂ, ನಂದೂ ಒಂದ್ ಜೂನೇರಿ. ನಮ್ಮ ತಮ್ಮಂದೂ ಒಂದ್ ಜೂನೇ. ನಮ್ಮವ್ವ ಇಬ್ಬರನೂ ಜೂನಿನಾಗೇ ಹಡದಾಳ, ಸಾಲಿ ಚಾಲೂ ಆಗೋ ದಿನ ನೋಡಿ."

ನನಗೆ ನಗು ಬರಲಿಲ್ಲ. ಹಾಗಾದರೆ ಶಹಾಬಾದದವಳನ್ನು ಬಿಟ್ಟು ವಾಡಿಯವಳನ್ನೇ ಯಾಕೆ ಉಳಿಸಿತು ಎಂದು ಕೇಳಿದೆ.

"ಯಾವುದರಲ್ಲಿ ವಿವರ ಜಾಸ್ತಿ ಇದೆಯೋ ಅದನ್ನ ಉಳಿಸುತ್ತೆ. ವಾಡಿಯ ಹುಡುಗಿಗೆ ಷರಾ ಕಾಲಂನಲ್ಲಿ ಯಾರೋ ಉದ್ದಕ್ಕೆ ಬರೆದಿದ್ದಾರೆ, ನೋಡಿ."

ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಓದಿದೆ. ಮನೆಗೆ ಬಂದೆ.

೪ ಜೂನ್

ಬರೆಯುವಂಥದ್ದೇನೂ ಇಲ್ಲ.

೬ ಜೂನ್, ಶನಿವಾರ

ಷರಾ ಹೀಗಿತ್ತು: "೧೪-೨-೧೯೮೩ರಂದು ಜ್ವರದಿಂದ ತೀರಿಕೊಂಡಳು. ಪದ್ಯ ಹೇಳುವಾಗ ರೈಲು ಬಂದರೆ, ಅದು ದಾಟುವವರೆಗೆ ಕಣ್ಣು ಮುಚ್ಚಿ ಕಾಯುತ್ತಿದ್ದಳು."

ಬರೆದವನು ನಾನು. ಆಗ ವಾಡಿಯಲ್ಲಿ ಮುಖ್ಯೋಪಾಧ್ಯಾಯನಾಗಿದ್ದೆ. ಎರಡನೇ ವಾಕ್ಯದ ಕೆಳಗೆ ಇನ್‌ಸ್ಪೆಕ್ಟರ್ ಕೆಂಪು ಗೆರೆ ಎಳೆದು 'ಅನಾವಶ್ಯಕ' ಎಂದು ಬರೆದದ್ದೂ ಈಗ ನೆನಪಾಗುತ್ತಿದೆ. ಅದೇ ವರ್ಷ ಜೂನ್‌ನಲ್ಲಿ ನನಗೆ ಶಹಾಬಾದಕ್ಕೆ ವರ್ಗವಾಯಿತು. ಮೊದಲ ವಾರವೇ ಒಬ್ಬ ಕಲ್ಲುಗಣಿಯ ಕೂಲಿ ಎಂಟು ವರ್ಷದ ಮಗಳನ್ನು ತಡವಾಗಿ ಒಂದನೇ ಇಯತ್ತೆಗೆ ಕರೆತಂದಿರಬೇಕು. ಅವಳ ಹೆಸರೂ ತಂದೆಯ ಹೆಸರೂ ಅವೇ ಆಗಿದ್ದವು. ದಿನಾಂಕವನ್ನು ನಾನೇ ಹಾಕಿರಬೇಕು.

ಹಾಕಿದ್ದರೆ ತಪ್ಪೇನು? ತಾಯಂದಿರು "ಜ್ವಾಳ ಕೊಯ್ಯೋ ಮುಂದ ಹುಟ್ಯಾಳ್ರಿ" ಎನ್ನುತ್ತಿದ್ದರು. ರಜಿಸ್ಟರಿನಲ್ಲಿ ಜೋಳಕ್ಕೆ ಕಾಲಂ ಇರಲಿಲ್ಲ. ಶಾಲೆ ಶುರುವಾಗುವ ಹೊತ್ತಿಗೆ ವಯಸ್ಸು ಸರಿಹೊಂದಬೇಕು, ಮಗು ವಾಪಸು ಹೋಗಬಾರದು. ಜೂನ್ ಒಂದು ಬರೆದೆವು. ನಮ್ಮ ಸೀಮೆಯ ಎಲ್ಲ ಮಾಸ್ತರರೂ ಬರೆದರು. ಹಾಗೆ ಬರೆಯದಿದ್ದರೆ ಆ ಆರು ಸಾವಿರದಲ್ಲಿ ಅರ್ಧ ಜನ ಶಾಲೆಯ ಕಟ್ಟೆಯನ್ನೇ ಹತ್ತುತ್ತಿರಲಿಲ್ಲ. ಇದನ್ನು ಯಾರ ಎದುರಿಗೆ ಬೇಕಾದರೂ ಹೇಳುತ್ತೇನೆ.

ಆದರೆ ಪದ್ಯ ಹೇಳುತ್ತಿದ್ದವಳು ವಾಡಿಯವಳು. ಮೊನ್ನೆ ಬಾಗಿಲಲ್ಲಿ ನಿಂತಿದ್ದವಳು ಅವಳಲ್ಲ.

೯ ಜೂನ್

ರಶೀದಾಬೇಗಂಳ ಓಣಿ ಹುಡುಕಿಕೊಂಡು ಹೋದೆ. ತಗಡಿನ ಚಪ್ಪರದ ಕೆಳಗೆ ನೀರು ತುಂಬಿಡುತ್ತಿದ್ದಳು. ಒಡೆದ ಪರ್ಸಿ ಹಾಸುಗಲ್ಲನ್ನು ಸೆರಗಿನಿಂದ ಒರೆಸಿ, ಕುಂದ್ರಿ ಎಂದಳು. ನಾನು ಹೇಳಬೇಕಾದುದನ್ನು ಹೇಳಿದೆ.

"ಆವತ್ತೇ ಗೊತ್ತಾಗಿತ್ರಿ ಸರ. ನಮ್ಮ ಸಾಲಿ ಮುಂದ ರೈಲು ಎಲ್ಲದರಿ? ನೀವು ಭಾಳ ಖುಷಿಲಿಂದ ಹೇಳ್ಲಿಕತ್ತಿದ್ರಿ. ಹೇಳ್ಲಿ ಬಿಡು ಅಂತ ಸುಮ್ಮನಾದೆ."

"ಮತ್ತ ನೀ ಎಲ್ಲಿ ಕುಂದರತಿದ್ದಿ?"

"ಬಾಗಲ ಬಾಜೂಕ. ನೀವು ಹಾಜರಿ ತಗೊಳ್ಳೋ ಮುಂದ ಎಲ್ಲಾರ ಹೆಸರು ಕರೀತಿದ್ರಿ. ನನ್ನ ಪಾಳಿ ಬಂದ್ರ ನಲವತ್ತೊಂದು ಅಂತಿದ್ರಿ. ಏಳು ವರ್ಷರಿ ಸರ, ಒಂದಿನಾನೂ ಹೆಸರು ಹಿಡದು ಕರೀಲಿಲ್ಲ. ಸಣ್ಣಾಕಿದ್ದೆ, ಏನ್ ತಪ್ಪು ಮಾಡೀನೋ ಅಂತ ಮನಿಗಿ ಬಂದು ಅಳತಿದ್ದೆ."

ನನಗೆ ಇದು ನೆನಪಿಲ್ಲ. ಹಾಜರಿಯನ್ನು ನಾನು ಯಾವಾಗಲೂ ಹೆಸರಿನಿಂದಲೇ ಕರೆಯುತ್ತಿದ್ದೆ. ಅವಳು ಹೇಳಿದಳು ಎಂದು ಬರೆದಿಟ್ಟಿದ್ದೇನೆ, ಅಷ್ಟೆ. ಅವಳು ಶಾಲೆಗೆ ಸೇರಿದಾಗ ಅದೇ ಹೆಸರಿನ ವಾಡಿಯವಳು ತೀರಿ ನಾಲ್ಕು ತಿಂಗಳಾಗಿತ್ತು, ಅದು ನಿಜ.

ಏಳುವಾಗ ಅವಳಿಗೆ ಕೆಮ್ಮು ಹತ್ತಿತು. ಬಹಳ ಹೊತ್ತು ಬಿಡಲಿಲ್ಲ.

೧೨ ಜೂನ್, ಶುಕ್ರವಾರ

ಸಿದ್ದಲಿಂಗೇಶ ಸಿಕ್ಕ. ಇಷ್ಟು ಸುಲಭ ಎಂದುಕೊಂಡಿರಲಿಲ್ಲ.

"ಸರ, ಸುಮ್ನ ದೊಡ್ಡದು ಮಾಡಬ್ಯಾಡ್ರಿ. ಆ ವಾಡಿ ಹುಡುಗಿದು ತಗದು ಹಾಕ್ತೀವಿ, ಅದರ ಜಾಗಾದಾಗ ಈಕಿದು ಹೊಸದಾಗಿ ಬರೀತೀವಿ. ಹತ್ತು ಮಿನಿಟಿನ ಕೆಲಸ. ಸತ್ತಾಕಿಗಿ ಸರ್ಟಿಫಿಕೇಟ್ ಎದಕ್ಕ ಬೇಕ್ರಿ?" ನಂತರ ದನಿ ತಗ್ಗಿಸಿದ. "ನೀವು ಪೇಪರಿಗಿ ಬರಿಯೋದು ಮಾತ್ರ ನಿಂದರಸ್ರಿ. ಬ್ಯಾರೆ ಯಾರಿಗೂ ಗೊತ್ತಾಗೋದು ಬ್ಯಾಡ."

ಒಪ್ಪಿದೆ. ಒಂದು ಬಡ ಹೆಣ್ಣುಮಗಳ ಕೆಲಸವಾಗುವುದು ಮುಖ್ಯ. ಕಾರ್ಖಾನೆಯ ಗೇಟಿನಲ್ಲೇ ರಶೀದಾಳನ್ನು ಹಿಡಿದು ಹೇಳಿದೆ. ಅವಳು ಮುಖದ ಮೇಲಿನ ಬಟ್ಟೆ ಬಿಚ್ಚಿದಳು.

"ಆಕಿನ್ನ ತಗದು ಆಕಿ ಜಾಗಾದಾಗ ನಾ ಕುಂದ್ರಬೇಕೇನ್ರಿ?"

"ಆಕಿ ಇಲ್ಲಲ್ಲವಾ ಈಗ."

"ಇದ್ದಳಲ್ರಿ. ಆಕಿದಂತ ಉಳದಿದ್ದು ಅದೊಂದೇ ಸಾಲು, ಅದೂ ನೀವೇ ಬರದಿದ್ದು. ನಾ ಅದೀನಿ ಅಂತ ತೋರಸ್ಲಿಕ್ಕಿ ಆಕಿ ಇರಲೇ ಇಲ್ಲ ಅನ್ನಲೇನು?" ಮತ್ತೆ ಬಟ್ಟೆ ಕಟ್ಟಿಕೊಳ್ಳುತ್ತ ಅಂದಳು, "ನಮ್ಮ ಓಣ್ಯಾಗೇ ಇನ್ನಾ ಇಬ್ಬರದು ಹಿಂಗೇ ಆಗ್ಯಾದರಿ. ನಂಗರ ನೀವದೀರಿ. ಅವರಿಗಿ ಯಾವ ಮಾಸ್ತರ ಅದಾರ?"

"ಜುಲೈ ಹತ್ತು ತಪ್ಪಿದ್ರ?"

"ತಪ್ಪಿದ್ರ ತಪ್ತದ."

ಕೈಗೆ ಬಂದದ್ದನ್ನು ಒದ್ದು ಕಳಿಸುವ ಹಟ. ಕೂಲಿ ಮಾಡುವವರಿಗೆ ಈ ಹಟ ಎಲ್ಲಿಂದ ಬರುತ್ತದೋ. ಸಿಟ್ಟಿನಲ್ಲಿ ಛತ್ರಿ ಅಲ್ಲಿಯೇ ಬಿಟ್ಟು ಬಂದಿದ್ದೇನೆ.

೧೩ ಜೂನ್

ಅವಳು ಹೇಳಿದ್ದು ಸರಿ. ಸಿದ್ದಲಿಂಗೇಶನ ಹತ್ತಿರ ಹೋಗಿ, ಬೇಡ ಅಂದೆ.

೧೫ ಜೂನ್, ಸೋಮವಾರ

ಪ್ರಮಿತಾ ಗುಲ್ಬರ್ಗದಿಂದ ವಾರಕ್ಕೊಮ್ಮೆ ಬರುತ್ತಾಳೆ. ಇವತ್ತು ಖಂಡೆಪ್ಪನನ್ನು ಕರೆದುಕೊಂಡು ನಮ್ಮ ಮನೆಗೇ ಬಂದಳು. ಸೀತಾಬಾಯಿ ಚುರಮುರಿ ಹಚ್ಚಿಕೊಟ್ಟಳು.

"ಸರ್, ಎಂಬತ್ತಾರು ಜೋಡಿ ಹೀಗೆ ಸೇರಿಹೋಗಿವೆ. ನಾನು ಎಣಿಸಿದೆ. ಕೆಲವರು ನಿಜವಾಗಿ ಒಬ್ಬರೇ ಇರಬಹುದು, ವಾಡಿಯಲ್ಲಿ ಸೇರಿ ಆಮೇಲೆ ಇಲ್ಲಿಗೆ ಬಂದವರು. ಕೆಲವರು ಬೇರೆ ಬೇರೆ. ಯಾರು ಏನು ಅಂತ ಯಂತ್ರ ಹೇಳಲ್ಲ."

"ಕಾಗದ ರದ್ದಿಗೆ ಹೋಯಿತಲ್ಲ. ಇನ್ನೇನು ಉಳಿದಿದೆ?"

"ಒಂದು ಉಳಿದಿದೆ." ಅವಳು ತಟ್ಟೆ ಕೆಳಗಿಟ್ಟಳು. "ಸೇರಿಸುವ ಮೊದಲು ಐದೂ ಯಂತ್ರಗಳು ಹೇಗಿದ್ದವೋ ಹಾಗೇ ಒಂದು ಪ್ರತಿ ಹಿಡಿದಿಟ್ಟಿದ್ದೀವಿ. ಫೋಟೋ ಥರ. ಆದರೆ ಈ ಫೋಟೋದ ಒಳಗೆ ಹೋಗಿ ಒಂದೊಂದು ಪುಟಾನೂ ತೆರೆದು ನೋಡಬಹುದು. ಶಹಾಬಾದದ ರಶೀದಾ ಅಲ್ಲಿ ಇದ್ದಾರೆ. ಏಳನೇ ಕ್ಲಾಸು ಪಾಸ್ ಅಂತಲೂ ಇದೆ. ಜಾಗ ಹಿಡಿಯುತ್ತೆ ಅಂತ ಜೂನ್ ಮೂವತ್ತಕ್ಕೆ ಅಳಿಸಬೇಕು, ಒಪ್ಪಂದದಲ್ಲೇ ಇದೆ. ಕಾರ್ಯದರ್ಶಿಗಳ ಪತ್ರ ಇಲ್ಲದೆ ನಾನು ಅದನ್ನ ಮುಟ್ಟೋ ಹಾಗಿಲ್ಲ."

ಆಮೇಲೆ ತನ್ನಷ್ಟಕ್ಕೆ ಹೇಳಿಕೊಂಡಂತೆ ಹೇಳಿದಳು, "ಹೆಸರು, ತಂದೆ, ಹುಟ್ಟಿದ ದಿನ ಮೂರೂ ಒಂದೇ ಆದರೆ ಒಬ್ಬರೇ ಅಂತ ಪ್ರಪಂಚದಲ್ಲೆಲ್ಲ ನಂಬ್ತಾರೆ ಸರ್."

ಸೀತಾಬಾಯಿ ಒಳಗಿನಿಂದ ಕೇಳಿದಳು: "ಪ್ರಪಂಚದಾಗ ಶಹಾಬಾದ ಬರಂಗಿಲ್ಲೇನ ತಂಗಿ?"

೧೭ ಜೂನ್, ಬುಧವಾರ

ಆಡಳಿತ ಮಂಡಳಿಯ ಸಭೆ. ಕರೆಯದೆ ಹೋಗಿ ಕುಳಿತೆ. ಸಿದ್ದಲಿಂಗೇಶ ನನ್ನನ್ನು ನೋಡಿ, ಇವತ್ತು ಬೇರೆ ವಿಷಯ ಅದ ಸರ, ಎಂದ. ವಿಷಯ ಇದೇ, ಎಂದು ಎದ್ದು ಕಾಗದ ಓದಿದೆ. ನಕಲು ಇಲ್ಲಿ ಅಂಟಿಸಿದ್ದೇನೆ:

"ವಾಡಿ ಮತ್ತು ಶಹಾಬಾದ ಶಾಲೆಗಳಲ್ಲಿ ನಾನು ದಾಖಲು ಮಾಡಿಕೊಂಡ ಮಕ್ಕಳಲ್ಲಿ ಬಹುಪಾಲಿನವರಿಗೆ ಜೂನ್ ಒಂದು ಎಂಬ ಜನ್ಮದಿನವನ್ನು ನಾನೇ ಕಲ್ಪಿಸಿ ಬರೆದಿದ್ದೇನೆ. ಅದು ಯಾರ ಹುಟ್ಟಿದ ದಿನವೂ ಅಲ್ಲ. ಆದ್ದರಿಂದ ಆ ದಿನವನ್ನು ನಂಬಿ ಇಬ್ಬರನ್ನು ಒಬ್ಬರೆಂದು ಮಾಡಿರುವ ನಿಮ್ಮ ಪಟ್ಟಿ ಸುಳ್ಳು. ತಿದ್ದುವ ತನಕ ಅದರಿಂದ ಕೊಡುವ ಪ್ರತಿಯೊಂದು ದಾಖಲೆಯೂ ಸುಳ್ಳು."

ಸಿದ್ದಲಿಂಗೇಶ ಕನ್ನಡಕ ತೆಗೆದ.

"ಸರ, ಏನ್ ಬರದೀರಿ ಅಂತ ತಿಳದದೇನ್ರಿ? ಸರಕಾರಿ ದಾಖಲಿಯಾಗ ಖೋಟಾ ತಾರೀಖು ಹಾಕೀನಿ ಅಂತ ನೀವೇ ಬರ್ಕೊಟ್ರ ನಿಮ್ಮ ಮ್ಯಾಗೇ ಕೇಸ್ ಆಗ್ತದ. ಎಪ್ಪತ್ತರ ಮ್ಯಾಗ ಕೋರ್ಟು ಕಚೇರಿ ತಿರಗತೀರೇನು?"

"ಹಾಕು ಕೇಸು. ನನ್ನ ಸಾಕ್ಷಿದಾರರು ಆರು ಸಾವಿರ ಮಂದಿ ಅದಾರ. ಮೊದಲನೇ ಸಾಕ್ಷಿ ನೀನೇ. ಹೇಳಪ್ಪ ಸಿದ್ದಲಿಂಗೇಶ, ನೀ ಹುಟ್ಟಿದ್ದು ಯಾವತ್ತು?"

ಅವನು ಕನ್ನಡಕ ಮತ್ತೆ ಏರಿಸಿಕೊಂಡ. ಮಂಡಳಿಯ ಹಿರಿಯ ಸದಸ್ಯ ಗುರುಲಿಂಗಯ್ಯ ಬಾಯಿಗೆ ಟವೆಲ್ ಒತ್ತಿಕೊಂಡು ಹೇಳಿದರು, "ಹೇಳೋ ಮಾರಾಯ. ನಂದರ ಒಂದ್ ಜೂನ್."

"ನಿಮ್ಮ ಯಂತ್ರ ಒಂದೇ ಇದ್ದು ಐದು ಅನ್ನಿಸಕೋತದ," ಎಂದೆ. "ಅದನ್ನ ನಂಬಿ ಚಪ್ಪಾಳಿ ಹೊಡದ್ರಿ. ಒಂದೇ ತಾರೀಖಿನಾಗ ಇಬ್ಬರು ಹುಡುಗ್ಯಾರು ಅದಾರಂದ್ರ ನಂಬಲಿಕ್ಕಿ ಆಗಂಗಿಲ್ಲೇನು?"

ಹಳೆಯ ಪ್ರತಿ ತೆರೆಯಲು ಪ್ರಮಿತಾಳಿಗೆ ಬೇಕಿದ್ದ ಪತ್ರ ಸಿಕ್ಕಿತು. ಷರತ್ತು ಹಾಕಿದ್ದಾರೆ. ಜೂನ್ ಮೂವತ್ತರೊಳಗೆ ಎಂಬತ್ತಾರು ಜೋಡಿಗಳನ್ನೂ ವಿಚಾರಿಸಿ, ಒಂದೊಂದಕ್ಕೂ ಸಹಿಯೋ ಹೆಬ್ಬೆಟ್ಟೋ ತರಬೇಕು. ಸಂಸ್ಥೆಯ ಯಾರೂ ಬರುವುದಿಲ್ಲ. ವಿಚಾರಿಸುವವನು ನಾನು.

ಅರ್ಧದಷ್ಟನ್ನು ಮನೆಯಲ್ಲಿ ಕೂತೇ ಹೇಳಬಲ್ಲೆ. ಆದರೂ ಒಮ್ಮೆ ಕೇಳಿಬಿಡುವುದು ಒಳ್ಳೆಯದು.

೨೧ ಜೂನ್, ಭಾನುವಾರ

ವಾಡಿ. ರಶೀದಾಳಿಗೆ ರಜೆ, ನಾನೂ ಬರ್ತೀನ್ರಿ ಎಂದಳು. ಖಂಡೆಪ್ಪ ಸಹಿ ಹಾಳೆಗಳ ಚೀಲ ಹೊತ್ತಿದ್ದ.

ತೀರಿಕೊಂಡ ಹುಡುಗಿಯ ತಂದೆ, ರೈಲ್ವೆ ಗ್ಯಾಂಗ್‌ಮನ್ ಸಿರಾಜುದ್ದೀನ ಈಗಲೂ ಇದ್ದಾನೆ. ಹಳಿಯ ಪಕ್ಕದ ಒಂದು ಕೋಣೆ, ಎಂಬತ್ತರ ಹತ್ತಿರದ ವಯಸ್ಸು. ನನ್ನ ಗುರುತು ಹತ್ತಲಿಲ್ಲ. ಬಂದ ಕಾರಣ ಹೇಳಿದೆ.

"ನನ್ನ ಮಗಳ ಹೆಸರ ಇನ್ನಾ ಅದೇನ್ರಿ?"

"ಅದ. ಏನ್ ಬರದದ ಅಂತ ಓದಲೇನು?"

ಓದಿದೆ. ಮುದುಕ ತಲೆದೂಗಿದ. "ಹೌದ್ರಿ, ಕಾಯ್ತಿದ್ದಳು. ಗದ್ದಲದಾಗ ಹೇಳಿದ್ರ ಅಲ್ಲಾನಿಗೂ ಕೇಳಸಂಗಿಲ್ಲ ಅಂತ ನಾನೇ..." ಎನ್ನುವಷ್ಟರಲ್ಲಿ ಗೂಡ್ಸ್ ಗಾಡಿ ಬಂತು. ಅವನು ಕಣ್ಣು ಮುಚ್ಚಿದ. ಐವತ್ತೋ ಅರವತ್ತೋ ಡಬ್ಬಿ ಇರಬೇಕು, ಗೋಡೆಯ ಮೇಲಿನ ಪಾತ್ರೆಗಳೆಲ್ಲ ಕುಣಿದವು. ಗಾಡಿ ದಾಟಿದ ಮೇಲೆ ಕಣ್ಣು ಬಿಟ್ಟು "ಆಕಿಗಿ ಕಲಿಸಿದ್ದೆ" ಎಂದು ವಾಕ್ಯ ಮುಗಿಸಿದ.

ರಶೀದಾ ಎದ್ದು ಅವನಿಗೆ ನೀರು ಕೊಟ್ಟಳು. ಹೆಸರು ಕೇಳಿದ, ಹೇಳಿದಳು. ಅಬ್ಬಾನ ಹೆಸರು ಕೇಳಿದ, ಅದನ್ನೂ ಹೇಳಿದಳು. ಅವನು ಅವಳ ತಲೆಯ ಮೇಲೆ ಕೈ ಇಟ್ಟು ಬಹಳ ಹೊತ್ತು ತೆಗೆಯಲಿಲ್ಲ.

ಹೊರಡುವಾಗ ಕೇಳಿದೆ, ಮಗಳು ನಿಜವಾಗಿ ಹುಟ್ಟಿದ್ದು ಯಾವಾಗ ಎಂದು.

"ಥಂಡಿ ದಿನದಾಗರಿ. ಆವತ್ತು ಹೇಳಿದ್ದೆ ನಿಮಗ. ಇರಲಿ ತಗೋ ಅಂತ ಒಂದ್ ಜೂನ್ ಬರ್ದ್ರಿ."

ಆಗ ಅವನಿಗೆ ನನ್ನ ಗುರುತು ಹತ್ತಿತ್ತು.

೨೪ ಜೂನ್

ಚಿಂಚೋಳಿ, ಅಲ್ಲಿಂದ ಚಿಮ್ಮನಚೋಡ. ಬಸ್ಸಿನ ಮೇಲೆ ಬಸ್ಸು. ಹದಿನಾಲ್ಕು ಜೋಡಿ ಮುಗಿದವು. ನಾಲ್ಕು ಒಬ್ಬರೇ, ಹತ್ತು ಬೇರೆ. ಮಶಾಕ ಎಂಬುವನು ಚಂದ್ರಂಪಳ್ಳಿಯ ಕೆರೆ ದಂಡೆಯಲ್ಲಿ ಮೀನು ಹಿಡಿಯುತ್ತಿದ್ದ. "ಸರ, ನಾ ಚಿತ್ತಾಪುರದಾಗ ಸಾಲಿ ಕಲ್ತೀನಂತ ಬರದದೇನು? ಚಿತ್ತಾಪುರ ನೋಡೇ ಇಲ್ರಿ. ಅಲ್ಲಿ ಪಾಸ್ ಆಗೀನೋ ಫೇಲೋ?" ಎಂದು ಕೇಳಿದ. ಪಾಸು ಎಂದೆ. "ಹಂಗಾರ ಇರಲಿ ಬಿಡ್ರಿ," ಎಂದ. ನಕ್ಕು ಹೆಬ್ಬೆಟ್ಟು ಒತ್ತಿದ: ಬೇರೆ.

೨೬ ಜೂನ್

ಸೇಡಂ. ಗೊತ್ತಿದೆ ಎಂದುಕೊಂಡಿದ್ದೆ, ಕೇಳಿದೆ, ಬೇರೆಯೇ ಇತ್ತು. ಹೀಗೆ ಒಂಬತ್ತು ಸಲ.

೨೯ ಜೂನ್, ಸೋಮವಾರ

ಎಂಬತ್ತನಾಲ್ಕು ಜೋಡಿ ಮುಗಿದವು. ಎರಡು ಜೋಡಿಯವರು ಎಲ್ಲಿಯೂ ಸಿಗಲಿಲ್ಲ. ಸಿಗದವರನ್ನು ಒಬ್ಬರೇ ಎಂದು ಮಾಡುವ ಅಧಿಕಾರ ಯಾರಿಗೂ ಇಲ್ಲ, ಬೇರೆ ಬೇರೆ ಎಂದೇ ಬರೆ, ಎಂದು ಪ್ರಮಿತಾಳಿಗೆ ಹೇಳಿದೆ. ಮಧ್ಯಾಹ್ನದಿಂದ ಸಂಜೆ ಐದರವರೆಗೆ ನಾನು ಓದಿದೆ, ಅವಳು ಹಳೆಯ ಪ್ರತಿಯಿಂದ ಒಬ್ಬೊಬ್ಬರನ್ನೇ ಹೊರಗೆ ತಂದಳು. ನಡುವೆ ಎದ್ದು ಹೋಗಿ ಯಾರೊಂದಿಗೋ ಫೋನಿನಲ್ಲಿ ಇಂಗ್ಲಿಷಿನಲ್ಲಿ ಜಗಳವಾಡಿ ಬಂದಳು.

"ಏನಂತೆ?"

"ಡೇಟಾ ಕ್ಲೀನ್ ಆಗಿದೆ ಅಂತ ರಿಪೋರ್ಟ್ ಹೋಗಿದೆ, ಈಗ ಯಾಕೆ ಮುಟ್ತಿದೀಯ ಅಂತಾರೆ ಸರ್. ಕ್ಲೀನ್ ಅಲ್ಲ, ಖಾಲಿ ಆಗಿತ್ತು ಅಂದೆ."

ಈ ಹುಡುಗಿ ನನ್ನ ಶಾಲೆಯಲ್ಲಿ ಓದಿದ್ದರೆ ಚೆನ್ನಾಗಿತ್ತು.

ರಶೀದಾಬೇಗಂ, ತಂದೆ ಸಿರಾಜುದ್ದೀನ, ವಾಡಿ. ಅದರ ಕೆಳಗೆ ರಶೀದಾಬೇಗಂ, ತಂದೆ ಸಿರಾಜುದ್ದೀನ, ಶಹಾಬಾದ. ಇಬ್ಬರೂ ಒಂದರ ಕೆಳಗೊಂದು ಪರದೆಯ ಮೇಲೆ ಬಂದಾಗ ಖಂಡೆಪ್ಪ ಟೋಪಿ ತೆಗೆದ. ಯಾಕೋ ಎಂದರೆ, ಸೆಕಿ ಆಗ್ಲಿಕತ್ತದರಿ, ಎಂದ.

೮ ಜುಲೈ

ರಶೀದಾ ಅರ್ಜಿ ಕೊಟ್ಟಳು, ಕಡೆಯ ದಿನಕ್ಕೆ ಇನ್ನೂ ಎರಡು ದಿನ ಉಳಿದಿರುವಾಗ. ಶಾಲೆಯ ದಾಖಲೆಯನ್ನು ಓಣಿಯ ಅರ್ಧ ಜನರಿಗೆ ತೋರಿಸಿ ಬಂದಿದ್ದಾಳೆ. ಹುಟ್ಟಿದ ದಿನ ಸರಿಪಡಿಸಬೇಕೇ, ಪಂಚಾಂಗ ನೋಡಿ ಲೆಕ್ಕ ಹಾಕಿಕೊಡುತ್ತೇನೆ ಎಂದೆ. ಬ್ಯಾಡ್ರಿ, ಎಂದಳು. "ನೀವು ಕೊಟ್ಟಿದ್ದೇ ಇರಲಿ. ಆಕಿಗೂ ಅದೇ ಅದ."

ನನಗೆ ಸಂಸ್ಥೆಯಿಂದ ನೋಟಿಸು ಬಂದಿದೆ: ಕಲ್ಪಿತ ದಿನಾಂಕಗಳ ಬಗ್ಗೆ ಏಳು ದಿನದೊಳಗೆ ಸಮಜಾಯಿಷಿ ಕೊಡಬೇಕು. ಕೆಳಗೆ ಸಿದ್ದಲಿಂಗೇಶನ ಸಹಿ. ಅಕ್ಷರ ಚೆನ್ನಾಗಿದೆ, ನಾನೇ ತಿದ್ದಿದ್ದು. ಉತ್ತರ ಒಂದೇ ಸಾಲು: "ಹೌದು, ನಾನೇ ಬರೆದೆ, ಮಕ್ಕಳು ಒಳಗೆ ಬರಲಿ ಎಂದು ಬರೆದೆ, ಹೊರಗೆ ಹಾಕಲು ಅದನ್ನು ಯಾರಾದರೂ ಬಳಸಿದರೆ ಇನ್ನೊಮ್ಮೆ ಸಭೆಗೆ ಬರುತ್ತೇನೆ." ಸೀತಾಬಾಯಿ ಓದಿ, ಇದು ನೂರಾ ಹದಿಮೂರನೇದೇನು, ಎಂದಳು. ಅಲ್ಲ, ಇದಕ್ಕೆ ಉತ್ತರ ಬರುತ್ತದೆ, ಎಂದೆ.

೩ ಆಗಸ್ಟ್, ಸೋಮವಾರ

ರಶೀದಾಳಿಗೆ ಕೆಲಸವಾಯಿತು. ಶನಿವಾರ ಸೇರಿದಳು. ನನ್ನ ಛತ್ರಿಯನ್ನೂ ತಂದುಕೊಟ್ಟಳು.

ಇವತ್ತು ಶಾಲೆಗೆ ಹೋಗಿದ್ದೆ. ಈಗ ದಿನಾ ಒಂದು ಗಂಟೆ ಹೋಗಿ ಕೂತು ಬರುತ್ತೇನೆ. ನೆನಪಿನ ಶಕ್ತಿ ಮೊದಲಿನ ಹಾಗೆಯೇ ಇದೆ; ಆದರೂ ಕಿಸೆಯಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡಿರುತ್ತೇನೆ, ಕೇಳಿದ್ದನ್ನು ಬರೆದುಕೊಳ್ಳಲು. ರತ್ನಾಬಾಯಿ ಎಂಬ ಹೆಣ್ಣುಮಗಳು ಮಗಳನ್ನು ತಡವಾಗಿ ಸೇರಿಸಲು ಬಂದಿದ್ದಳು. ಹುಡುಗಿಯ ಹೆಸರು ಐಶ್ವರ್ಯ. ಈಗ ಓಣಿಗೆ ಹತ್ತು ಐಶ್ವರ್ಯ. ಹೊಸ ಮಾಸ್ತರ ಹುಟ್ಟಿದ ದಿನ ಕೇಳಿದ. "ಒಂದ್ ಜೂನ್ ಬರ್ಕೊಳ್ರಿ, ಎಲ್ಲಾರಿಗೂ ಅದೇ ಬರೀತಾರಲ್ಲ," ಎಂದಳು ರತ್ನಾಬಾಯಿ. ಅವನು ಬರೆದುಕೊಂಡ.

ಪರದೆಯ ಮೇಲೆ ಒಂದು ಚೌಕ ಮೂಡಿತು. ಪ್ರಮಿತಾ ಹೊಸದಾಗಿ ಮಾಡಿಟ್ಟದ್ದು. ಯಂತ್ರ ಈಗ ತಾನೇ ತೀರ್ಮಾನಿಸುವುದಿಲ್ಲ, ಕೇಳುತ್ತದೆ: "ಇದೇ ಹೆಸರು, ತಂದೆ, ದಿನಾಂಕದ ವಿದ್ಯಾರ್ಥಿನಿ ಚಿಂಚೋಳಿ ಶಾಲೆಯಲ್ಲಿದ್ದಾಳೆ. ಇಬ್ಬರೂ ಒಬ್ಬರೇ?" ಕೆಳಗೆ ಎರಡು ಗುಂಡಿ. ಮಾಸ್ತರ ಅವಸರದಲ್ಲಿ 'ಹೌದು' ಕಡೆ ಕೈ ಒಯ್ದ. ನಾನು ಅವನ ಕೈ ಹಿಡಿದೆ.

"ತಂಗಿ, ಚಿಂಚೋಳ್ಯಾಗ ಇನ್ನೊಬ್ಬಾಕಿ ಐಶ್ವರ್ಯ ಅದಾಳಂತ. ನಿನಗ ಗೊತ್ತೇನು?"

"ಗೊತ್ತದರಿ. ಸುಲೇಪೇಟಿ ನಮ್ಮ ಅತ್ತಿಮನಿ ಕಡಿ ಹುಡುಗಿ ಅದು, ಚಿಂಚೋಳಿಗಿ ಸಾಲಿಗಿ ಹೋಗ್ತದ. ಆಕಿಗಿ ಮುಂದಿನ ಹಲ್ಲು ಬಂದಾವ." ಮಗಳ ಗಲ್ಲ ಹಿಡಿದು ಬಾಯಿ ತೆರೆಸಿದಳು. "ಈಕಿವು ನೋಡ್ರಿ, ಮೊನ್ನಿನ್ನಾ ಬಿದ್ದಾವ."

ಹುಡುಗಿ ನಮ್ಮಿಬ್ಬರಿಗೂ ಖಾಲಿ ಜಾಗ ಚೆನ್ನಾಗಿ ಕಾಣುವಂತೆ ಬಾಯಿ ತೆರೆದು ನಿಂತಿತು. ನಾನು ಮಾಸ್ತರನನ್ನು ಸರಿಸಿ ಕುರ್ಚಿಯಲ್ಲಿ ಕುಳಿತೆ. ಎರಡನೇ ಗುಂಡಿಯನ್ನು ಹುಡುಕಿಕೊಂಡು ಹೋಗಿ ಒತ್ತಿದೆ.

'ಅಲ್ಲ.'